ಹದಿನೈದು ನಿಮಿಷ ಮುಂದೆ

ಅವಳು ಕೋರ್ಟಿನಲ್ಲಿ ಸಾಕ್ಷಿ ಹೇಳುವುದಕ್ಕೆ ಇನ್ನು ನಾಲ್ಕು ದಿನವಿದೆ ಎನ್ನುವಾಗ, ಶಾಲೆಯ ವ್ಯಾನ್ ಓಡಿಸುವವನು ಅವಳ ಅಂಗಡಿಗೆ ನುಗ್ಗಿ, ಹಿಂದಿನ ದಿನವಷ್ಟೇ ರಿಪೇರಿ ಮಾಡಿಸಿಕೊಂಡು ಹೋಗಿದ್ದ ತನ್ನ ಮೊಬೈಲನ್ನು ಗಾಜಿನ ಕೌಂಟರಿನ ಮೇಲೆ ಟಪ್ಪನೆ ಇಟ್ಟ.

“ಏನಮ್ಮಾ, ಮೊಬೈಲ್ ರಿಪೇರಿ ಮಾಡಿದ್ಯೋ, ನನ್ನ ಮರ್ಯಾದೆ ರಿಪೇರಿ ಮಾಡಿದ್ಯೋ?”

“ಯಾಕಣ್ಣ, ಚಾರ್ಜ್ ಆಗ್ತಿಲ್ವಾ?”

“ಚಾರ್ಜ್ ಬೇಕಾದಷ್ಟು ಆಗ್ತಿದೆ. ಟೈಮ್ ನೋಡು! ಹದಿನೈದು ನಿಮಿಷ ಮುಂದೆ. ಇದನ್ನ ನಂಬಿ ಬೆಳಿಗ್ಗೆ ಮನೆಮನೆ ಮುಂದೆ ಹಾರ್ನ್ ಹೊಡೆದೆ. ಒಂದು ಮಗುವಿಗೂ ಇನ್ನೂ ಚಡ್ಡಿ ಹಾಕಿಲ್ಲ. ಒಬ್ಬಳು ತಾಯಿ ಸೌಟು ಹಿಡ್ಕೊಂಡೇ ಈಚೆ ಬಂದ್ಲು. ಯಾಕೆ ಬಂದ್ಲು ಅಂತ ಕೇಳೋಕೆ ನಾನು ನಿಲ್ಲಲಿಲ್ಲ.”

ಅವಳು ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂ ಕಾಲು. ಅಂದರೆ ಹನ್ನೊಂದು.

ಆ ಗಡಿಯಾರವನ್ನು ಹದಿನೈದು ನಿಮಿಷ ಮುಂದಿಟ್ಟವಳು ಅವಳೇ. ಮನೆಗೆ ಹೋಗುವ ಏಳರ ಬಸ್ಸು ಎರಡು ಸಲ ತಪ್ಪಿದ ಮೇಲೆ, ತನ್ನನ್ನು ತಾನೇ ಏಮಾರಿಸಿಕೊಳ್ಳಲು ಮಾಡಿಕೊಂಡಿದ್ದ ಉಪಾಯ ಅದು. ಗಿರಾಕಿಗಳು ಸಿಮ್ ತೆಗೆದಿಟ್ಟುಕೊಂಡು ಬರೀ ಮೊಬೈಲ್ ಕೊಡುತ್ತಾರೆ. ಬ್ಯಾಟರಿ ಬದಲಾಯಿಸಿದರೆ ಹಳೆಯ ಸೆಟ್ಟುಗಳೊಳಗಿನ ಗಡಿಯಾರ ಯಾವುದೋ ಕಾಲದ ವರ್ಷಕ್ಕೆ ಹೋಗಿ ಕೂರುತ್ತದೆ. ಅವಳು ಗೋಡೆ ನೋಡಿ, ಮನಸ್ಸಿನಲ್ಲೇ ಹದಿನೈದು ಕಳೆದು, ಬೆರಳಿನಿಂದ ಹೊಂದಿಸುತ್ತಿದ್ದಳು. ಹಾಗೆ ಕೈಯಿಂದ ಹೊಂದಿಸಿದ ಮೊಬೈಲು ಆಮೇಲೆ ಸಿಮ್ ಹಾಕಿದರೂ ಇಟ್ಟ ಹಾಗೇ ಓಡುತ್ತದೆ. ಐದು ವರ್ಷದಿಂದ ಇದೇ ಅಭ್ಯಾಸ. ನಿನ್ನೆ ಮಾತ್ರ ಕಳೆಯುವುದು ಮರೆತಿತ್ತು.

“ನಿನ್ನೆ ಮಾತ್ರಾನಾ?” ಎಂದು ಯಾರೋ ಕೇಳಿದಂತಾಯಿತು. ವ್ಯಾನಿನವನು ಕೇಳಿರಲಿಲ್ಲ. ಅವನು ಸಮಯ ಸರಿಮಾಡಿಸಿಕೊಂಡು, “ನಿಂಗೆ ಅನುಮಾನಮ್ಮ ಅಂತ ಹೆಸರಿಟ್ಟೋರು ಯಾರೋ? ಅನುಮಾನ ನಮಗೆ ಬರಬೇಕು” ಎಂದು ಗೊಣಗುತ್ತ ಹೊರಟುಹೋಗಿದ್ದ.

ಹೆಸರಿಟ್ಟದ್ದು ಅಕ್ಕ. ಮನೆಗೆ ಬೀಗ ಹಾಕಿ ಅರ್ಧ ದಾರಿ ಬಂದಮೇಲೆ ವಾಪಸ್ ಓಡಿ ಬೀಗ ಜಗ್ಗಿ ನೋಡುವ ತಂಗಿಗೆ ಅಕ್ಕ ಇಟ್ಟ ಹೆಸರನ್ನು ಭಾವ ಬೀದಿಗೆಲ್ಲ ಹಂಚಿದ್ದ. ಆ ಭಾವನೇ ಈಗ ಇಲ್ಲ. ಎಂಟು ತಿಂಗಳ ಹಿಂದೆ, ತಾನು ಕೆಲಸ ಮಾಡುತ್ತಿದ್ದ ಮುದ್ರಣಾಲಯದ ನೆಲಮಾಳಿಗೆಯ ಗೋದಾಮಿನಲ್ಲಿ, ಕಾಗದದ ಸುರುಳಿಗಳ ನಡುವೆ, ತಲೆ ಒಡೆದು ಬಿದ್ದಿದ್ದ. ಪಕ್ಕದಲ್ಲಿ ಸುರುಳಿ ಉರುಳಿಸುವ ಕಬ್ಬಿಣದ ಸಲಾಕೆ. ಯಾರ ಬೆರಳ ಗುರುತೂ ಇಲ್ಲದಂತೆ ಒರೆಸಿಟ್ಟ ಸಲಾಕೆ.

ಹಿಡಿದದ್ದು ಅಲ್ಲಿಯ ಫೋರ್ಮನ್‌ನನ್ನು. ಕಾಗದ ಕತ್ತರಿಸುವ ಯಂತ್ರದ ರಕ್ಷಣೆಯ ತಗಡು ಬಿಚ್ಚಿಸಿದ್ದಾನೆಂದು ಭಾವ ಮಾಲೀಕರಿಗೆ ದೂರು ಕೊಟ್ಟಿದ್ದ. “ನಿನ್ನನ್ನ ನೋಡ್ಕೋತೀನಿ” ಎಂದು ಫೋರ್ಮನ್ ಐದು ಜನರ ಎದುರಿಗೇ ಅಂದಿದ್ದ. ಆದರೆ ಅಂದವರೆಲ್ಲ ಕೊಲ್ಲುವುದಿಲ್ಲ ಎಂದು ಅವನ ವಕೀಲರ ವಾದ. ಆ ದಿನ ಆರೂ ಹತ್ತಕ್ಕೆ ಗೇಟಿನ ಪುಸ್ತಕದಲ್ಲಿ ಸಹಿ ಹಾಕಿ ಅವನು ಹೊರಗೆ ಹೋಗಿದ್ದ. ಆರೂ ಕಾಲಿಗೆ ಭಾವ ಅಕ್ಕನಿಗೆ ಫೋನ್ ಮಾಡಿ, ಬರುವುದು ಸ್ವಲ್ಪ ತಡವಾಗುತ್ತದೆ ಅಂದಿದ್ದ. ಆರೂ ನಲವತ್ತಕ್ಕೆ ಗುಡಿಸುವವಳು ಹೆಣ ನೋಡಿ ಕಿರುಚಿದ್ದಳು. ಕೊಲೆ ನಡೆದದ್ದು ಆ ಇಪ್ಪತ್ತೈದು ನಿಮಿಷಗಳಲ್ಲಿ.

ಆ ಇಪ್ಪತ್ತೈದು ನಿಮಿಷಕ್ಕೆ ಫೋರ್ಮನ್‌ನನ್ನು ಕಟ್ಟಿಹಾಕಿದ್ದು ಅವನ ಮೊಬೈಲಿನಲ್ಲಿ ಸಿಕ್ಕ ಒಂದು ಫೋಟೊ. ಗೋದಾಮಿನ ಸುರುಳಿಗಳ ಮೇಲಿನ ಚೀಟಿಗಳ ಫೋಟೊ. ಅವನೇ ತೆಗೆದದ್ದು, ಯಾರಿಗೂ ಕಳಿಸಿರಲಿಲ್ಲ. ತೆಗೆದ ಸಮಯ ಆರೂ ಇಪ್ಪತ್ತೆರಡು. ಅಂದರೆ ಸಹಿ ಹಾಕಿ ಹೋದವನು ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದಿದ್ದ. “ಹೊರಡೋ ಮುಂಚೆ ತೆಗೆದಿದ್ದು” ಎಂದು ಅವನು ಬಾಯಿ ಬಡಿದುಕೊಂಡರೆ ನಂಬುವವರು ಯಾರು? ಪೊಲೀಸರ ಕಪಾಟಿನಲ್ಲಿ ಮೊಬೈಲಿನ ಬ್ಯಾಟರಿ ಪೂರ್ತಿ ಸತ್ತು, ಪರೀಕ್ಷೆಗೆ ಹೋಗುವ ಹೊತ್ತಿಗೆ ಅದರೊಳಗಿನ ಗಡಿಯಾರ ಎಲ್ಲೆಲ್ಲೋ ಇತ್ತು; ಕೊಲೆಯ ದಿನ ಅದು ಸರಿಯಿತ್ತೇ ಎಂದು ಹೇಳುವವರಿರಲಿಲ್ಲ. ಆ ಫೋಟೊವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಲೇಬಾರದೆಂದು ಅವನ ವಕೀಲರು ಅರ್ಜಿ ಹಾಕಿದ್ದರು. ಅದರ ವಿಚಾರಣೆಗೆ ಇನ್ನು ನಾಲ್ಕು ದಿನವಿತ್ತು. ಕೊಲೆಗೆ ಎರಡು ದಿನ ಮುಂಚೆ ಆ ಮೊಬೈಲಿಗೆ ಬ್ಯಾಟರಿ ಹಾಕಿಕೊಟ್ಟವಳು ಅನುಮಾನಮ್ಮ. ಮೊಬೈಲು ಸುಸ್ಥಿತಿಯಲ್ಲಿತ್ತೆಂದು ಅವಳು ಒಂದು ಮಾತು ಹೇಳಿದರೆ ಸಾಕಿತ್ತು.

ಅವನು ಬಂದ ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಕೌಂಟರಿಗೆ ಎರಡೂ ಮೊಣಕೈ ಊರಿ ನಿಂತು, “ಗಂಡಸರು ಯಾರೂ ಇಲ್ವಾ ಇಲ್ಲಿ? ಒಗ್ಗರಣೆ ಹಾಕೋ ಕೈಗೆ ಇದನ್ನ ಹೇಗಮ್ಮ ಕೊಡೋದು?” ಅಂದಿದ್ದ. ಭಾವನ ನಾದಿನಿ ಎಂದು ತಿಳಿದ ಮೇಲಂತೂ, “ಓಹೋ, ಚಾಡಿಕೋರನ ಮನೆಯವಳಾ!” ಎಂದು ಹಲ್ಲು ಬಿಟ್ಟಿದ್ದ. ಅವಳ ಸಿಟ್ಟಿನ ರಭಸಕ್ಕೆ ಸ್ಕ್ರೂ ಒಂದು ನೆಲಕ್ಕೆ ಹಾರಿತ್ತು. ಸಮಯ ಹೊಂದಿಸಿದ್ದು ನೆನಪಿತ್ತು. ಹದಿನೈದು ಕಳೆದಳೇ?

ಅವಳು ಬೆಂಚಿನ ಮೇಲೆ ಕೂತು ತನ್ನ ಮೊಬೈಲ್ ತೆಗೆದಳು. ರಿಪೇರಿಯಾದ ಪ್ರತಿಯೊಂದು ಸೆಟ್ಟನ್ನೂ ಗಿರಾಕಿಯ ಕೈಗೆ ಕೊಡುವ ಮುಂಚೆ ಪರದೆ ಬೆಳಗಿಸಿ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು ಅವಳ ಪದ್ಧತಿ. ಮನೆಗೆ ಹೋಗಿ ಬೀಳಿಸಿಕೊಂಡು, “ನೀನೇ ಒಡೆದಿದ್ದು” ಎಂದು ಜಗಳಕ್ಕೆ ಬರುವವರ ಬಾಯಿಗೆ ಅದೊಂದೇ ಬೀಗ. ಎಂಟು ತಿಂಗಳು ಹಿಂದಕ್ಕೆ ಹೋಗಲು ಬೆರಳು ನೋಯುವಷ್ಟು ಸರಿಸಬೇಕಾಯಿತು. ಸಿಕ್ಕಿತು. ಮೂಲೆ ಜಜ್ಜಿದ ಕಪ್ಪು ಸೆಟ್ಟು, ಬೆಳಗಿದ ಪರದೆ, ಅದರ ಮೇಲೆ ದೊಡ್ಡದಾಗಿ ಸಮಯ: ನಾಲ್ಕೂ ಐವತ್ತೈದು.

ಅವಳ ಮೊಬೈಲು ನೆಟ್‌ವರ್ಕಿನ ಸಮಯವನ್ನೇ ತೋರಿಸುವಂಥದ್ದು. ಆ ಫೋಟೊ ತೆಗೆದ ಹೊತ್ತು ಎಷ್ಟೆಂದು ಅದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದುಕೊಂಡಿತ್ತು: ನಾಲ್ಕೂ ನಲವತ್ತು.

ಆರೂ ಇಪ್ಪತ್ತೆರಡರಲ್ಲಿ ಹದಿನೈದು ಕಳೆದರೆ ಆರೂ ಏಳು. ಸಹಿ ಹಾಕುವುದಕ್ಕೆ ಮೂರು ನಿಮಿಷ ಮುಂಚೆ. ಭಾವ ಇನ್ನೂ ಬದುಕಿದ್ದ.

ಮೂರು ಸಲ ಕಳೆದು ನೋಡಿದಳು. ಕಾಗದದ ಮೇಲೆ ಬರೆದು ಇನ್ನೊಂದು ಸಲ. ಲೆಕ್ಕ ಬದಲಾಗಲಿಲ್ಲ.

ಸರ್ಕಾರಿ ವಕೀಲರ ಕೋಣೆಯಲ್ಲಿ ಕಡತಗಳು ಕುರ್ಚಿಯ ಮೇಲೂ ಇದ್ದವು. ಅವಳು ನಿಂತುಕೊಂಡೇ ಹೇಳಿದಳು. “ಸಾರ್, ನನ್ನ ಅಂಗಡಿ ಗಡಿಯಾರ—” ಎಂದು ಶುರುಮಾಡಿ, ಅವನ ಮೊಬೈಲಿನ ಫೋಟೊ ತನ್ನಲ್ಲಿದೆ ಎನ್ನುವವರೆಗೆ ಬಂದಿದ್ದಳು. ವಕೀಲರು ಎರಡೂ ಕಿವಿ ಮುಚ್ಚಿಕೊಳ್ಳುವವರ ಹಾಗೆ ಕೈಯೆತ್ತಿದರು.

“ನೋಡಮ್ಮ, ನೀನು ಇವತ್ತು ಇಲ್ಲಿಗೆ ಬಂದೇ ಇಲ್ಲ. ಏನೂ ಹೇಳಿಲ್ಲ. ನನಗೆ ಏನೂ ಕೇಳಿಸಿಲ್ಲ.”

“ಆದರೆ ಸಾರ್, ಫೋಟೊ ತಪ್ಪು ಸಮಯ—”

“ಕೇಳಿದ್ದಕ್ಕೆ ಮಾತ್ರ ಉತ್ತರ. ಅವರು ನಿನ್ನ ಗೋಡೆ, ನಿನ್ನ ಗಡಿಯಾರ, ನಿನ್ನ ಕ್ಯಾಲೆಂಡರ್ ಯಾವುದನ್ನೂ ಕೇಳಲ್ಲ. ನಿನ್ನ ಭಾವನ ಕೇಸಿನಲ್ಲಿ ನನ್ನ ಹತ್ತಿರ ಇರೋದೇ ಆ ಒಂದು ಫೋಟೊ. ಅದೂ ಹೋದರೆ, ಹೊರಗೆ ಬರೋವಾಗ ಅವನಿಗೆ ಹಾರ ಹಾಕೋಕೆ ನೀನೇ ಬಾ.”

ಅಕ್ಕನಿಗೆ ಹೇಳದಿದ್ದರೆ ಚೆನ್ನಾಗಿತ್ತೇನೋ. ಆದರೆ ಅವಳಿಗೆ ಅಕ್ಕನಿಂದ ಮುಚ್ಚಿಟ್ಟು ಗೊತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹೋದಳು. ಅಕ್ಕನ ಕೆಲಸ ಅಲ್ಲಿ. ಬಿಸಿ ಆವಿ, ಸೋಪಿನ ಘಾಟು, ಗೋಡೆಯೆತ್ತರಕ್ಕೆ ಮಡಿಸಿಟ್ಟ ಬಿಳಿ ಹಾಸುಗಳು. ಜೊತೆಯವಳು ಊಟಕ್ಕೆ ಹೋಗಿದ್ದಳು. ಅಕ್ಕ ಹಾಸಿನ ಎರಡು ಮೂಲೆಗಳನ್ನು ತಂಗಿಯ ಕೈಗೆ ಕೊಟ್ಟಳು. ಒಬ್ಬರಿಂದ ಆಗುವ ಕೆಲಸವಲ್ಲ ಅದು: ಇಬ್ಬರೂ ಹಿಂದೆ ಸರಿದು ಜಗ್ಗಬೇಕು, ಮಡಿಸಬೇಕು, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು. ನಾಲ್ಕು ಹಾಸು ಮಡಿಸುವುದರೊಳಗೆ ಅವಳು ಎಲ್ಲವನ್ನೂ ಹೇಳಿ ಮುಗಿಸಿದಳು.

“ಅಳಿಸಿಬಿಡು,” ಅಂದಳು ಅಕ್ಕ.

“ಫೋಟೊ ಅಳಿಸಬಹುದು ಅಕ್ಕ. ನಂಗೆ ಗೊತ್ತಿರೋದು?”

“ನಿಂಗೇನೇ ಗೊತ್ತಿದೆ? ಹಾಲು ಒಲೆ ಮೇಲಿಂದ ಇಳಿಸಿದ್ದೀಯೋ ಇಲ್ವೋ ಅನ್ನೋದು ನಿಂಗೆ ಗೊತ್ತಿರಲ್ಲ. ಪಕ್ಕದ ಮನೆಯವರಿಗೆ ಫೋನ್ ಮಾಡಿ ಮೂಸಿ ನೋಡೋಕೆ ಹೇಳ್ತೀಯ. ಅಂಥವಳಿಗೆ ಇದೊಂದು ಮಾತ್ರ ಖಂಡಿತ ಗೊತ್ತಾಯ್ತಾ?” ಅಕ್ಕ ಹಾಸನ್ನು ಎಷ್ಟು ಜೋರಾಗಿ ಜಗ್ಗಿದಳೆಂದರೆ ಇವಳ ಕೈಯಿಂದ ಒಂದು ಮೂಲೆ ಜಾರಿತು. “ಎತ್ಕೋ. ನೆಲಕ್ಕೆ ಬೀಳಿಸಿದ್ರೆ ಮತ್ತೆ ಒಗೀಬೇಕು.”

ಅವಳು ಎತ್ತಿಕೊಂಡಳು.

“ಅವನೇ ಕೊಂದಿರೋದು. ಹೌದೋ ಅಲ್ವೋ?”

“ಹೌದು ಅಂತಲೇ ನಾನೂ ನಂಬಿದ್ದೀನಿ.”

“ಮತ್ತೆ?”

“ಆ ಫೋಟೊ ಅದನ್ನ ಹೇಳಲ್ಲ ಅಕ್ಕ. ನಾವು ಹೇಳಿಸ್ತಾ ಇದ್ದೀವಿ.”

“ಹೇಳಿಸೋಣ! ಹೇಳಿಸಿದ್ರೆ ಏನಾಯ್ತು? ಸಲಾಕೆ ಒರೆಸಿಟ್ಟೋನಿಗೆ ಇಲ್ಲದ ನ್ಯಾಯ ನಿಂಗೊಬ್ಬಳಿಗೇನು?” ಅಕ್ಕ ಹತ್ತಿರ ಬಂದು ಮೂಲೆಗಳನ್ನು ತಂಗಿಯ ಕೈಯಿಂದ ಕಿತ್ತುಕೊಂಡಳು. ಉಸಿರು ತಾಗುವಷ್ಟು ಹತ್ತಿರ. “ಸತ್ಯವಂತೆ ಅನ್ನಿಸಿಕೊಳ್ಳೋಕೆ ನಿಂಗೆ ನನ್ನ ಗಂಡನ ಹೆಣವೇ ಬೇಕಾಗಿತ್ತೇನೇ? ನೀನು ದಿನಾ ಶಾಲೆಗೆ ಬಿಟ್ಟು ಬರೋ ನನ್ನ ಮಗಳು ಇನ್ನು ಆ ಫೋರ್ಮನ್ ಓಡಾಡೋ ಬೀದೀಲೇ ಹೋಗಬೇಕು. ಅದು ಹೊಳೀತಾ ನಿನ್ನ ತಲೆಗೆ?”

ಹೊಳೆದಿತ್ತು. ನಿನ್ನೆಯಿಂದ ಅದು ಬಿಟ್ಟು ಬೇರೇನೂ ಹೊಳೆದಿರಲಿಲ್ಲ.

“ಅಳಿಸ್ತೀನಿ ಅಂತ ಹೇಳು.”

ಅವಳು ಮುಂದಿನ ಹಾಸಿಗೆ ಕೈ ಚಾಚಿದಳು. ಅಕ್ಕ ಮಡಿಸಿದ ಹಾಸನ್ನು ರಾಶಿಯ ಮೇಲೆ ಕುಕ್ಕಿ, “ಹೋಗು. ಮಿಕ್ಕಿದ್ದನ್ನ ಒಬ್ಬಳೇ ಮಡಿಸ್ಕೋತೀನಿ” ಅಂದಳು.

ಮೂರು ದಿನ ಅವಳ ಹೆಬ್ಬೆರಳು ಆ ಫೋಟೊದ ಮೇಲೆ ಎಷ್ಟು ಸಲ ಬಂದು ನಿಂತಿತೋ. ಅಳಿಸುವುದೇ ಎಂದು ಮೊಬೈಲು ಕೇಳುತ್ತಿತ್ತು. ಅವಳು ಇಲ್ಲವೆಂದು ಒತ್ತಿ ಚಿಮುಟ ಹಿಡಿದು ಕೂರುತ್ತಿದ್ದಳು. ಹತ್ತು ನಿಮಿಷಕ್ಕೆ ಮತ್ತೆ ತೆಗೆಯುತ್ತಿದ್ದಳು.

ವಿಚಾರಣೆಯ ದಿನ ನ್ಯಾಯಾಲಯದ ಕೋಣೆ ತುಂಬಿರಲಿಲ್ಲ. ಮೊದಲ ಬೆಂಚಿನಲ್ಲಿ ಅಕ್ಕ, ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಳು. ಬಲಗಡೆಯ ಕಟಕಟೆಯಲ್ಲಿ ಫೋರ್ಮನ್. ಎಂಟು ತಿಂಗಳ ಜೈಲಿನಲ್ಲಿ ಕೆನ್ನೆ ಇಳಿದುಹೋಗಿದ್ದರೂ ನೋಟ ಇಳಿದಿರಲಿಲ್ಲ. ಇವಳು ಸಾಕ್ಷಿಯ ಜಾಗಕ್ಕೆ ಹತ್ತುವಾಗ ಮೇಲಿಂದ ಕೆಳಗಿನವರೆಗೆ ನೋಡಿ ಮುಖ ತಿರುಗಿಸಿದ.

ಸರ್ಕಾರಿ ವಕೀಲರು ಮೂರೇ ಪ್ರಶ್ನೆ ಕೇಳಿದರು. ಈ ಮೊಬೈಲು ನಿಮ್ಮಲ್ಲಿಗೆ ಬಂದಿತ್ತೇ? ಬಂದಿತ್ತು. ಬ್ಯಾಟರಿ ಬದಲಾಯಿಸಿದಿರಾ? ಬದಲಾಯಿಸಿದೆ. ವಾಪಸ್ ಕೊಡುವಾಗ ಕೆಲಸ ಮಾಡುತ್ತಿತ್ತೇ? ಮಾಡುತ್ತಿತ್ತು. ಅಷ್ಟಕ್ಕೆ ಅವರು ಕೂತುಬಿಟ್ಟರು.

ಫೋರ್ಮನ್‌ನ ವಕೀಲರು ಕನ್ನಡಕ ಒರೆಸುತ್ತ ಎದ್ದರು.

“ಎಲ್ಲಿ ಕಲಿತಿರಮ್ಮ ಈ ವಿದ್ಯೆ?”

“ಸಂಜೆ ಕೋರ್ಸಿನಲ್ಲಿ ಸಾರ್. ಆರು ತಿಂಗಳು.”

“ಆರು ತಿಂಗಳು! ಹೊಲಿಗೆ ಕಲಿಯೋಕೂ ಒಂದು ವರ್ಷ ಬೇಕು.” ಹಿಂದೆ ಯಾರೋ ಕಿಸಕ್ಕೆಂದರು. “ಸತ್ತವರು ನಿಮ್ಮ ಭಾವ. ಅಲ್ವಾ? ನನ್ನ ಕಕ್ಷಿದಾರರ ಮೇಲೆ ನಿಮಗೆ ದ್ವೇಷ ಇದೆ.”

“ಇದೆ ಸಾರ್.”

ಅಷ್ಟು ನೇರವಾದ ಉತ್ತರವನ್ನು ವಕೀಲರು ನಿರೀಕ್ಷಿಸಿರಲಿಲ್ಲ. “ಆ ದ್ವೇಷದಿಂದಲೇ ಮೊಬೈಲಿನಲ್ಲಿ ಏನೋ ಕೈವಾಡ ಮಾಡಿದ್ದೀರಿ ಅಂತ ನಾನು ಹೇಳ್ತೀನಿ.”

“ಮೊಬೈಲ್ ಬಂದಾಗ ಭಾವ ಬದುಕಿದ್ರು ಸಾರ್. ಎರಡು ದಿನ ಆದಮೇಲೆ ಸಾಯ್ತಾರೆ ಅಂತ ನಂಗೆ ಹೇಗೆ ಗೊತ್ತಾಗಬೇಕು?”

ಈ ಸಲ ನಗು ವಕೀಲರ ಮೇಲೆಯೇ ಬಿತ್ತು. ಅವರು ಮುಖ ಗಂಟಿಕ್ಕಿ ಇನ್ನೂ ನಾಲ್ಕು ಚುಚ್ಚು ಪ್ರಶ್ನೆ ಎಸೆದರು. ಬಿಡಿಭಾಗ ಎಲ್ಲಿಂದ ತರುತ್ತೀರಿ, ಅಂಗಡಿಗೆ ಪರವಾನಗಿ ಇದೆಯೇ, ಕನ್ನಡಕ ಹಾಕುತ್ತೀರೇ. ಗಡಿಯಾರದ ಮಾತು ಅವರ ಬಾಯಿಗೆ ಬರಲಿಲ್ಲ. “ಇನ್ನೇನೂ ಕೇಳೋದಿಲ್ಲ” ಎಂದು ಕಾಗದ ಮಡಿಸಿದರು.

“ನೀವು ಇಳೀಬಹುದು,” ಅಂದರು ನ್ಯಾಯಾಧೀಶರು.

ಸರ್ಕಾರಿ ವಕೀಲರು ಆಗಲೇ ಮುಂದಿನ ಕಡತ ತೆಗೆಯುತ್ತಿದ್ದರು. ಅಕ್ಕನ ಹೆಗಲು ಮೊದಲ ಸಲ ಸಡಿಲವಾಯಿತು. ಇಳಿಯಲು ಇದ್ದದ್ದು ಎರಡೇ ಮೆಟ್ಟಿಲು. ಅವಳು ಒಂದು ಕಾಲು ಕೆಳಗಿಟ್ಟು ಹಾಗೇ ನಿಂತಳು.

“ಸ್ವಾಮಿ, ಯಾರೂ ಕೇಳಲಿಲ್ಲ. ಆದರೆ ಆ ಮೊಬೈಲಿಗೆ ಸಮಯ ಹೊಂದಿಸಿಕೊಟ್ಟಿದ್ದು ನಾನು. ತಪ್ಪಾಗಿ ಹೊಂದಿಸಿದ್ದೆ.”

ಹೇಳಿಕೆ ಟೈಪ್ ಮಾಡುತ್ತಿದ್ದ ಸದ್ದು ನಿಂತಿತು. ಅವಳು ಗೋಡೆಯ ಗಡಿಯಾರ ಹೇಳಿದಳು, ಏಳರ ಬಸ್ಸು ಹೇಳಿದಳು, ಹದಿನೈದು ಕಳೆಯುವುದನ್ನು ಹೇಳಿದಳು, ತನ್ನ ಮೊಬೈಲ್ ತೆಗೆದು ಫೋಟೊ ಇದೆಯೆಂದಳು. ಎರಡು ಕಡೆ ಅಂಕಿ ತಪ್ಪಿ ಮತ್ತೆ ಸರಿಪಡಿಸಿಕೊಂಡಳು. ಸರ್ಕಾರಿ ವಕೀಲರು ಹಣೆ ಹಿಡಿದುಕೊಂಡರು. ನ್ಯಾಯಾಧೀಶರು ಮೊಬೈಲನ್ನು ತರಿಸಿ, ಇಬ್ಬರು ವಕೀಲರನ್ನೂ ಹತ್ತಿರ ಕರೆದು, ಪರದೆಯ ಮೇಲಿನ ಸಮಯವನ್ನೂ ಕೆಳಗಿನ ಸಣ್ಣ ಅಕ್ಷರವನ್ನೂ ಎರಡೆರಡು ಸಲ ಓದಿದರು.

“ಇದು ನಿಮಗೆ ಯಾವಾಗ ಗೊತ್ತಾಯಿತು?”

“ನಾಲ್ಕು ದಿನ ಆಯ್ತು ಸ್ವಾಮಿ.”

ಫೋರ್ಮನ್‌ನ ವಕೀಲರು ವಾಸನೆ ಹಿಡಿದವರಂತೆ ಮತ್ತೆ ಎದ್ದರು. ಅವರ ಮುಖಕ್ಕೆ ಈಗ ಕಳೆ ಬಂದಿತ್ತು. “ನಾಲ್ಕು ದಿನ! ಅಂದರೆ ನಾಲ್ಕು ದಿನ ಒಬ್ಬ ನಿರಪರಾಧಿಯ ಕುತ್ತಿಗೆಗೆ ಬಿಗಿದ ಹಗ್ಗ ಕತ್ತರಿಸೋ ಚಾಕೂನ ಜೇಬಲ್ಲಿಟ್ಕೊಂಡು ಓಡಾಡಿದ್ರಿ. ಯಾರಿಗಾದರೂ ಹೇಳಿದ್ರಾ? ಬಚ್ಚಿಡು, ಅಳಿಸಿಬಿಡು ಅಂತ ನಿಮಗೆ ಯಾರು ಹೇಳಿಕೊಟ್ಟದ್ದು?”

ಇದನ್ನು ಅವಳು ಯೋಚಿಸಿರಲಿಲ್ಲ. ಹಾಲು, ಬೀಗ, ಬಸ್ಸು ಎಲ್ಲಕ್ಕೂ ಹತ್ತು ಸಲ ಹೆದರುವವಳು, ಇದೊಂದಕ್ಕೆ ಮಾತ್ರ ಮುಂಚೆ ಹೆದರಿಟ್ಟುಕೊಂಡಿರಲಿಲ್ಲ. ಸರ್ಕಾರಿ ವಕೀಲರು ಹಾಳೆಯೊಂದನ್ನು ಬಹಳ ಗಮನವಿಟ್ಟು ಓದತೊಡಗಿದರು.

“ಉತ್ತರ ಕೊಡಿ,” ಎಂದರು ನ್ಯಾಯಾಧೀಶರು. “ನಿಜ ಹೇಳ್ತೀನಿ ಅಂತ ಪ್ರಮಾಣ ಮಾಡಿದ್ದೀರಿ.”

ಅವಳು ಬಾಯಿ ತೆರೆದಳು.

“ಅವಳನ್ನ ಕೇಳಬೇಡಿ!” ಅಕ್ಕ ಬೆಂಚಿನಿಂದ ಎದ್ದು ನಿಂತಿದ್ದಳು. “ಅಳಿಸು ಅಂದೋಳು ನಾನು. ಆಸ್ಪತ್ರೆಯಲ್ಲಿ, ಬಟ್ಟೆ ಮಡಿಸ್ತಾ ಹೇಳಿದೆ. ಗಂಡ ಸತ್ತವಳು ಇನ್ನೇನು ಹೇಳ್ತಾಳೆ? ಬರ್ಕೊಳ್ಳಿ. ನನ್ನನ್ನೂ ಒಳಗೆ ಹಾಕಿ. ಅವಳು ಅಳಿಸಲಿಲ್ಲ, ಅದನ್ನೂ ಬರ್ಕೊಳ್ಳಿ.”

“ಕೂತುಕೊಳ್ಳಿ,” ಎಂದರು ನ್ಯಾಯಾಧೀಶರು.

“ಕೂರಲ್ಲ. ಅಲ್ಲಿ ನಿಂತಿದ್ದಾನಲ್ಲ, ಅವನನ್ನ ಯಾರೂ ಏನೂ ಕೇಳಲ್ಲ. ನಮ್ಮಿಬ್ಬರನ್ನೇ ಹಿಂಡ್ತೀರಿ.”

ಮಹಿಳಾ ಪೊಲೀಸಿನವಳು ಬಂದು ತೋಳು ಹಿಡಿದು ಕೂರಿಸಿದಳು. ಇನ್ನೊಂದು ಸಲ ಹೀಗಾದರೆ ಹೊರಗೆ ಕಳಿಸಬೇಕಾಗುತ್ತದೆ ಎಂದು ನ್ಯಾಯಾಧೀಶರು ಎಚ್ಚರಿಸಿದರು. ಅಳಿಸಿಲ್ಲದ ಸಾಕ್ಷ್ಯಕ್ಕಾಗಿ ಗಂಡ ಸತ್ತವಳ ಮೇಲೆ ಮೊಕದ್ದಮೆ ಹೂಡುವ ಇಚ್ಛೆ ತಮಗಿಲ್ಲವೆಂದೂ, ಬೇಕಾದವರು ಬೇರೆ ಅರ್ಜಿ ಹಾಕಿಕೊಳ್ಳಬಹುದೆಂದೂ ಹೇಳಿ, ಫೋರ್ಮನ್‌ನ ವಕೀಲರ ಕಡೆ ಒಮ್ಮೆ ನೋಡಿದರು. ಅವರು ಕೂತರು. ಗೆದ್ದ ಆಟದಲ್ಲಿ ಇನ್ನೊಂದು ಕಾಯಿ ನಡೆಸುವ ಅಗತ್ಯ ಅವರಿಗಿರಲಿಲ್ಲ.

ಊಟದ ವಿರಾಮದ ಮೇಲೆ ಆದೇಶ ಬಂತು. ಆ ಮೊಬೈಲಿನ ಗಡಿಯಾರವನ್ನು ನಂಬಲಾಗದು. ಫೋಟೊದ ಸಮಯವನ್ನು ಈ ಪ್ರಕರಣದಲ್ಲಿ ಸಾಕ್ಷ್ಯವಾಗಿ ಪರಿಗಣಿಸುವುದಿಲ್ಲ. ಉಳಿದ ಸಾಕ್ಷ್ಯಗಳ ಮೇಲೆ ವಿಚಾರಣೆ ಮುಂದುವರಿಯುತ್ತದೆ. ಉಳಿದದ್ದು ಏನೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು: ಐದು ಜನ ಕೇಳಿಸಿಕೊಂಡ ಒಂದು ಬೆದರಿಕೆ, ಒರೆಸಿಟ್ಟ ಒಂದು ಸಲಾಕೆ.

ಹೊರಗೆ ಉದ್ದನೆಯ ವರಾಂಡದಲ್ಲಿ ಪೊಲೀಸರ ನಡುವೆ ಫೋರ್ಮನ್ ಎದುರಾದ. ಅವಳ ಹತ್ತಿರ ಹೆಜ್ಜೆ ನಿಧಾನ ಮಾಡಿದ.

“ಬರ್ತೀನಿ ಅಂಗಡಿಗೆ. ಒಂದು ಒಳ್ಳೇ ಗಡಿಯಾರ ತಂದುಕೊಡ್ತೀನಿ.”

“ಭಾವನ್ನ ಕೊಂದಿದ್ದು ನೀನೇ,” ಅಂದಳು ಅವಳು. ಹೊರಗಿನವರಿಗೆ ಯಾರಿಗೂ ಏಕವಚನ ಬಳಸದವಳ ಬಾಯಲ್ಲಿ ಅದು ಸಲೀಸಾಗಿ ಬಂತು. “ನನ್ನ ನಂಬಿಕೆ ಕೂದಲೆಳೆಯಷ್ಟೂ ಕದಲಿಲ್ಲ. ನಡಿ.”

ಅವನ ನಗು ಅರ್ಧಕ್ಕೆ ನಿಂತಿತು. ಪೊಲೀಸಿನವನು ಅವನನ್ನು ಮುಂದಕ್ಕೆ ತಳ್ಳಿದ.

ಅಕ್ಕ ಮೆಟ್ಟಿಲಿನ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು. ಕಣ್ಣು ಒಣಗಿದ್ದವು. ತಂಗಿ ಹತ್ತಿರ ಬಂದಾಗ ಕೈಚೀಲವನ್ನು ಇಬ್ಬರ ನಡುವೆ ಹಿಡಿದುಕೊಂಡಳು.

“ಅಕ್ಕ, ನೀನು ಯಾಕೆ ಎದ್ದೆ?”

“ಅದನ್ನ ಬಿಡು. ನಾನು ಕೇಳೋದಕ್ಕೆ ಹೇಳು. ಆ ಮನುಷ್ಯ ಕೇಳಿದಾಗ ಬಾಯಿ ತೆರೆದ್ಯಲ್ಲ. ನನ್ನ ಹೆಸರು ಹೇಳೋಕಾ?”

ಗೊತ್ತಿಲ್ಲ ಎನ್ನಬಹುದಿತ್ತು. ಅವಳ ಬಾಯಲ್ಲಿ ಯಾರಾದರೂ ನಂಬುವ ಮಾತು ಅದು, ಅಕ್ಕನೂ ನಂಬುತ್ತಿದ್ದಳು. ಬಹುಶಃ ಅದಕ್ಕೆಂದೇ ಅಕ್ಕ ಅಷ್ಟು ಹೊತ್ತು ಕಾದಳು, ಅವಳ ಮುಖವನ್ನೇ ನೋಡುತ್ತ.

“ಹೌದು. ಹೇಳ್ತಿದ್ದೆ.”

ಅಕ್ಕ ತಲೆಯಾಡಿಸಿದಳು. ಹೊಡೆಯುತ್ತಾಳೆಂದುಕೊಂಡು ಇವಳು ಕಣ್ಣು ಮುಚ್ಚಿದಳು. ಹೊಡೆಯಲಿಲ್ಲ.

“ಇನ್ಮೇಲೆ ನನ್ನ ಮಗಳನ್ನ ನಾನೇ ಶಾಲೆಗೆ ಬಿಟ್ಟು ಬರ್ತೀನಿ,” ಅಂದಳು. “ನೀನು ಆ ಕಡೆ ಬರಬೇಡ.”

ಅವಳು ಮೆಟ್ಟಿಲಿಳಿದು, ಬಿಸಿಲಿಗೆ ಚೀಲವನ್ನು ತಲೆಯ ಮೇಲೆ ಹಿಡಿದುಕೊಂಡು, ರಸ್ತೆ ದಾಟಿದಳು. ತಂಗಿ ಮೇಲಿನ ಮೆಟ್ಟಿಲಿನಲ್ಲೇ ನಿಂತು, ಅಕ್ಕ ಆಚೆ ದಡ ಸೇರುವವರೆಗೆ ಎರಡೂ ಕಡೆಯ ವಾಹನಗಳನ್ನು ನೋಡುತ್ತಿದ್ದಳು.